ಅಶೋಕ ಒತ್ತಿದ ಬಟನ್ನು

ಸೊಸೆ ಮಾನಸ ಕಾಫಿ ಮಾಡಲು ಒಳಗೆ ಹೋದದ್ದೇ ತಡ, ಚಿಕ್ಕಸ್ವಾಮಿ ಕೋಣೆಯ ಬಾಗಿಲು ಮುಂದೆ ಮಾಡಿದ.

“ಈ ಕಂಪ್ಯೂಟರ್ನ ಕೊನೇ ಸಲ ಯಾವಾಗ ಆನ್ ಮಾಡವ್ರೆ ಅಂತ ಗೊತ್ತಾಯ್ತದಾ?”

ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಲು ಪಾಂಡವಪುರದಿಂದ ಬಂದಿದ್ದ ರಿಪೇರಿಯ ನಾಗರಾಜು ತಲೆಯೆತ್ತಿದ. “ತಾರೀಕು, ಟೈಮು ಎಲ್ಲಾ ತೋರಿಸ್ತದೆ.”

“ಅಳಿಸ್ಬೋದಾ?”

ನಾಗರಾಜು ಅಡುಗೆಮನೆಯ ಕಡೆ ನೋಡಿದ.

ಚಿಕ್ಕಸ್ವಾಮಿಯ ಮುಖ ಬೆವೆತಿತ್ತು. ಕದ್ದು ಸಿಕ್ಕಿಬಿದ್ದವನ ಹಾಗೆ ನಿಂತಿದ್ದ, ಪಾಪ.

ಹೋದ ವರ್ಷ ಒಂದು ಬೆಳಿಗ್ಗೆ ಅವನ ಮಗ ಅಶೋಕ ಈ ಕಂಪ್ಯೂಟರ್ ಆನ್ ಮಾಡಿ, “ಈಗ ಬಂದೆ, ಆಫ್ ಮಾಡ್ಬೇಡಿ” ಎಂದು ಬೈಕು ಹತ್ತಿದವನು ಕೆ.ಆರ್. ಪೇಟೆ ರಸ್ತೆಯಲ್ಲೇ ಹೋಗಿಬಿಟ್ಟ. ಅಂದಿನಿಂದ ಬೆಳಗೊಳದ ಆ ಮನೆಯಲ್ಲಿ ಯಾರೂ ಅದನ್ನು ಆಫ್ ಮಾಡಿಲ್ಲ. ಅವನ ಕೈಯಲ್ಲಿ ಶುರುವಾದದ್ದು, ನಡೆಯುತ್ತಲೇ ಇರಲಿ ಎಂದು ಮಾನಸ ಒಂದೇ ಒಂದು ಸಲ ಹೇಳಿದ್ದಳು. ಆಮೇಲೆ ಮನೆಯಲ್ಲಿ ಆ ಮಾತೇ ಬರಲಿಲ್ಲ. ಕರೆಂಟು ಹೋದರೂ ನಿಲ್ಲದಿರಲೆಂದು ಯುಪಿಎಸ್ ತಂದಿಟ್ಟವನು ಚಿಕ್ಕಸ್ವಾಮಿ. ಬೆಳಿಗ್ಗೆ ಎದ್ದು ಅದರ ಧೂಳು ಒರೆಸುವವಳು ಮಾನಸ. ಮಗನನ್ನಂತೂ ಕಳೆದುಕೊಂಡಾಯಿತು, ಸೊಸೆಗೆ ಇನ್ನೊಂದು ಪೆಟ್ಟು ಬೀಳಬಾರದು ಎಂಬುದೊಂದೇ ಈಗ ಅವನಿಗಿದ್ದ ಚಿಂತೆ.

“ಯುಗಾದಿ ಟೈಮಲ್ಲಿ ಕರೆಂಟು ಹೋಗಿ, ಯುಪಿಎಸ್ಸೂ ಕೈ ಕೊಡ್ತು ಕಣಪ್ಪ,” ಎಂದ. “ನಿಂತೋಯ್ತು. ಅವ್ಳು ಹೊಣಕೆರೆಗೆ, ತವರಿಗೆ ಹೋಗಿದ್ಲು. ನಾನೇ ಬಟನ್ನು ಒತ್ಬುಟ್ಟೆ. ಗೊತ್ತಾದ್ರೆ ಆ ಮಗು ತಡ್ಕಳಾಕಿಲ್ಲ. ಅವ್ಳ ಮುಂದೆ ತಾರೀಕು ಗೀರೀಕು ಅನ್ಬ್ಯಾಡ ನೀನು.”

ನಾಗರಾಜು ಮೌಸ್ ಆಡಿಸಿದ. ಪರದೆಯ ಮೇಲೆ ಒಂದು ಸಾಲು ಮೂಡಿತು. ಅದನ್ನು ಓದುವ ಅಗತ್ಯವೇ ಇಲ್ಲದವನಂತೆ ಅವನು ಚಿಕ್ಕಸ್ವಾಮಿಯ ಕಡೆ ತಿರುಗಿದ.

“ಯುಗಾದಿದಲ್ಲ ಯಜಮಾನ್ರೆ, ಇದು ಮೊನ್ನೆ ಮಂಗ್ಳಾರದ್ದು.”

“ಮಂಗ್ಳಾರ ನಾನು ಊರಲ್ಲೇ ಇರ್ಲಿಲ್ಲ.” ಚಿಕ್ಕಸ್ವಾಮಿಯ ದನಿ ಏರಿತು. “ನನ್ ಮಗನ ಕಂಪ್ಯೂಟರ್ ಮುಟ್ದೋರು ಯಾರು?”

ನಾಗರಾಜು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದ.

“ನಾನೇ. ಕಂಪ್ಯೂಟರ್ ನಿಂತೋಗೈತೆ, ಬನ್ನಿ ಅಂತ ಅಕ್ಕನೇ ಫೋನ್ ಮಾಡಿ ಕರೆಸಿದ್ರು. ನಮ್ಮಾವಂಗೆ ಗೊತ್ತಾದ್ರೆ ತಡ್ಕಳಾಕಿಲ್ಲ, ಯೋಳ್ಬ್ಯಾಡಿ ಅಂತ ಕೈ ಮುಗಿದು ಅತ್ರು.”