ಕೂಸಿಗೆ ಬಿಸಿನೀರು

ಕಬ್ಬು ಕಡಿಯಲು ಬಂದವರ ಗುಡಾರದಲ್ಲಿ, ನಸುಕಿನಲ್ಲಿ ಯಮನಪ್ಪನ ಹೆಂಡತಿ ಗಂಡುಮಗುವನ್ನು ಹೆತ್ತಳು. ದಿನ ತುಂಬಿರಲಿಲ್ಲ. ಕೂಸು ಬೆಕ್ಕಿನ ಮರಿಯಂತೆ ಸಣ್ಣಗೆ ಅತ್ತಿತು.

ಹೆರಿಗೆ ಮಾಡಿಸಿದ ಮುದುಕಿ ದ್ಯಾಮವ್ವ ಹೊರಗೆ ತಲೆ ಹಾಕಿ, "ಥಂಡಿ ಭಾಳ ಐತಿ. ಲಗೂನ ಬಿಸಿನೀರು ಮಾಡು" ಎಂದಳು.

ಬಯಲಿನ ಗಾಳಿಗೆ ಮೂರು ಕಲ್ಲಿನ ಒಲೆ ಉರಿಯಲೇ ಇಲ್ಲ. ಯಮನಪ್ಪ ಎಣ್ಣೆಯ ಖಾಲಿ ಡಬ್ಬಿಯೊಂದರ ಬಾಯಿ ಕೊಯ್ದ. ಟ್ರ್ಯಾಕ್ಟರಿನವನ ಹತ್ತಿರ ತಾಮ್ರದ ಪೈಪ್ ಬೇಡಿ ತಂದು, ಸುರುಳಿ ಸುತ್ತಿ ಒಳಗಿಳಿಸಿ, ಕಬ್ಬಿನ ಒಣಗರಿ ತುರುಕಿ ಬೆಂಕಿ ಕೊಟ್ಟ. ಗಾಡಿಯ ಮೇಲಿಟ್ಟ ಕ್ಯಾನಿನಿಂದ ಇಳಿದ ನೀರು ಸುರುಳಿ ಹಾದು, ಹಬೆಯಾಡುತ್ತ ಬಕೆಟ್ಟಿಗೆ ಬಿತ್ತು.

"ಸಾವ್ಕಾರ್ರ ಮನ್ಯಾಗಿನ ಗೀಜರ್ ಆತಲ್ಲೋ ಇದು!" ಎಂದರು ಜತೆಯವರು. ಯಮನಪ್ಪನಿಗೆ ನಗು ತಡೆಯಲಾಗಲಿಲ್ಲ.

ದ್ಯಾಮವ್ವ ಬಂದು ಬಕೆಟ್ ಎತ್ತಿಕೊಂಡಳು.

"ತಡಿ ಆಯಿ, ಕೂಸಿನ ಮೈ ಸುಟ್ಟೀತು. ಒಂದು ತಂಬಿಗೆ ತಣ್ಣೀರು ಬೆರೆಸ್ತೀನಿ."

ಮುದುಕಿ ಅವನ ಮುಖ ನೋಡಲಿಲ್ಲ.

"ಬ್ಯಾಡೋ ಎಪ್ಪಾ. ಕೂಸಿಗೆ ಇನ್ನ ಬಿಸಿನೀರೂ ಒಂದ, ತಣ್ಣೀರೂ ಒಂದ."