ರೇಟ್ ಬರಲಿ, ತಡಿ…

ಗದಗದಲ್ಲಿ ಫಕೀರಪ್ಪ ಅಂತ ಒಬ್ಬರು ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದರು.

ದುಡ್ಡು ಎಲ್ಲಿ ಹಾಕಿದರೆ ಬೆಳೆಯುತ್ತದೆ ಎಂಬುದನ್ನು ಅವರಷ್ಟು ಬಲ್ಲವರು ಆ ಓಣಿಯಲ್ಲೇ ಇರಲಿಲ್ಲ…

ಒಂದು ದಿನ ಹೆಂಡತಿ ಕಲಾವತಿ ಕಣ್ಣು ತೋರಿಸಿಕೊಂಡು ಬಂದರು.

"ರೀ, ಕಣ್ಣಾಗ ಒತ್ತಡ ಹೆಚ್ಚಾಗೈತಂತ. ಹುಬ್ಬಳ್ಳಿಗೆ ಹೋಗಿ ಲಗೂನ ಆಪರೇಷನ್ ಮಾಡಿಸ್ಕೋರಿ ಅಂದ್ರು ಡಾಕ್ಟ್ರು."

"ದುಡ್ಡೆಲ್ಲಾ ಎಫ್‌ಡಿಯೊಳಗೈತಿ. ಈಗ ಮುರಿಸಿದ್ರ ಬಡ್ಡಿ ಹೋಗ್ತೈತಿ. ಒಂದ್ ವರ್ಷ ತಡಿ."

ವರ್ಷ ಕಳೆಯಿತು. ಎಫ್‌ಡಿ ಕೈಗೆ ಬಂತು… ಅಷ್ಟರಲ್ಲಿ ಬ್ಯಾಂಕ್ ಬಡ್ಡಿ ಇಳಿದು ಬಂಗಾರ ಏರತೊಡಗಿತ್ತು. ಎಲ್ಲವನ್ನೂ ಬಂಗಾರಕ್ಕೆ ಹಾಕಿದರು.

ಬಂಗಾರ ಚೆನ್ನಾಗಿ ಏರಿದಾಗ ಮಾರಿ, ಊರ ಹೊರಗೆ ಸೈಟು ಕೊಂಡರು. ಸೈಟಿನ ಬೆಲೆ ದುಪ್ಪಟ್ಟಾದ ಮೇಲೆ ಅದನ್ನೂ ಮಾರಿ ಷೇರಿಗೆ ಹಾಕಿದರು.

ಒಂದು ಸಲವೂ ಅವರ ಅಂದಾಜು ತಪ್ಪಲಿಲ್ಲ.

ನಡುವೆ ಕಲಾವತಿ ಕಣ್ಣಿನ ಮಾತು ತೆಗೆದಾಗೆಲ್ಲ ಒಂದೇ ಉತ್ತರ… "ರೇಟ್ ಬರಲಿ, ತಡಿ."

ಆಮೇಲಾಮೇಲೆ ಆಕೆ ಕೇಳುವುದನ್ನೇ ಬಿಟ್ಟರು. ಮನೆಯಲ್ಲಿ ಬೆಳಕು ಮಂದವಾಗಿದೆ ಎಂದಷ್ಟೇ ಅನ್ನುತ್ತಿದ್ದರು. ಫಕೀರಪ್ಪ ಅಂಗಡಿಯಿಂದ ದೊಡ್ಡ ಬಲ್ಬ್ ತಂದು ಹಾಕಿದರು.

ಒಂದು ಬೆಳಿಗ್ಗೆ ಫೋನ್ ಹಿಡಿದು ಅಡುಗೆಮನೆಗೇ ಬಂದರು.

"ನೋಡಿಲ್ಲಿ, ಷೇರು ಅರವತ್ತು ಲಕ್ಷ ದಾಟೈತಿ. ಗೆರಿ ಹೆಂಗ ಮ್ಯಾಲೆ ಹೊಂಟೈತಿ ನೋಡು."

ಕಲಾವತಿ ದನಿ ಬಂದ ಕಡೆಗೆ ಮುಖ ತಿರುಗಿಸಿದರು.

"ನೀವ ಓದಿ ಹೇಳ್ರಿ… ನನಗೇನೂ ಕಾಣವಲ್ದು."

ಅಂದೇ ಹುಬ್ಬಳ್ಳಿಗೆ ಓಡಿದರು.

ಡಾಕ್ಟರು ಪರೀಕ್ಷೆ ಮಾಡಿ ಹೇಳಿದರು. "ಈ ರೋಗದಾಗ ಹೋದ ದೃಷ್ಟಿ ತಿರುಗಿ ಬರೂದಿಲ್ರಿ. ಒತ್ತಡ ಐತಿ ಅಂತ ಗೊತ್ತಾದಾಗ ಬಂದಿದ್ರ, ಇದ್ದದ್ದನ್ನರ ಉಳಿಸಬಹುದಿತ್ತು."

"ಎಷ್ಟ್ ಬೇಕಾದ್ರೂ ಕೊಡ್ತೀನ್ರಿ. ಇವತ್ತ ಎಲ್ಲಾ ಮಾರ್ತೀನಿ…"

ಡಾಕ್ಟರು ಮುಂದಿನ ಪೇಷೆಂಟನ್ನು ಕರೆದರು.

ಹೊರಗಿನ ಬೆಂಚಿನ ಮೇಲೆ ಕೂತು ಫಕೀರಪ್ಪ ಬಿಕ್ಕಿ ಬಿಕ್ಕಿ ಅತ್ತರು. ಕಲಾವತಿ ಸಮಾಧಾನ ಮಾಡಲಿಲ್ಲ. ಮೆಲ್ಲಗೆ ಅಂದರು…

"ನಿಮ್ಮ ಮುಖ ಕಡೀಕ ಯಾವಾಗ ನೋಡಿದ್ನಿ ಅಂತ ನೆನಪು ಮಾಡ್ಕೊಳ್ಳಾಕ್ಹತ್ತೀನ್ರಿ. ಬರೇ ತಲಿ ಬಗ್ಗಿಸಿ ಫೋನ್ ನೋಡೂದ ನೆನಪಿಗೆ ಬರ್ತೈತಿ."



ದುಡ್ಡಿಗೆ ಇನ್ನೊಂದು ಒಳ್ಳೆಯ ವರ್ಷ ಬಂದೇ ಬರುತ್ತದೆ… ದೇಹಕ್ಕೆ ಬರುವುದಿಲ್ಲ.

ನಿಮ್ಮ ಮನೆಯಲ್ಲಿ "ಆಮೇಲೆ ನೋಡೋಣ" ಅನ್ನಿಸಿಕೊಂಡು ಸುಮ್ಮನಾದವರು ಯಾರು?