ರಾಯಚೂರಿನ ಬಿಸಿಲು

ಕಂಪ್ಯೂಟರ್ ಪರದೆಯೊಳಗಿಂದ ಬಿಸಿಲೂ ಚಳಿಗಾಳಿಯೂ ಹಾಯುವಂತಾದ ಮೇಲೆ ಆನ್‌ಲೈನ್ ತರಗತಿಗೆ ಸ್ವೆಟರ್ ಹಾಕಿಕೊಂಡು ಕೂರುವುದು ಎಲ್ಲರಿಗೂ ರೂಢಿಯಾಗಿತ್ತು. ಹಲವು ದೇಶಗಳ ಯುವಜನರ ನಾಯಕತ್ವ ತರಬೇತಿಯಲ್ಲಿ ಅಂದು ತಂಡ ನಡೆಸುವ ಸರದಿ ರಾಯಚೂರಿನ ಶಿವಲೀಲಾಳದು. ಅವಳು ಅಳುಕುತ್ತಲೇ ಭಾಷಣ ಶುರುಮಾಡಿದ್ದಳು.

ಅಷ್ಟರಲ್ಲಿ ಕಿರ್ಗಿಸ್ತಾನದ ಐಗುಲ್ ಎದ್ದಳು. "ಹೀಟರ್ ಕೆಟ್ಟಿದೆ, ಅಜ್ಜಿ ನಡುಗ್ತಿದ್ದಾರೆ. ನಾನು ಹೊರಡ್ತೀನಿ."

"ತಡಿ, ಹೋಗಬ್ಯಾಡ. ಅಜ್ಜಿನ್ನ ಪರದೆ ಮುಂದ ಕೂಡಿಸು" ಎಂದ ಶಿವಲೀಲಾ ಲ್ಯಾಪ್‌ಟಾಪ್ ಎತ್ತಿಕೊಂಡು ಮಾಳಿಗೆಗೆ ಓಡಿದಳು. "ಬಿಸಿಲಿದ್ದೋರೆಲ್ಲ ಹೊರಗ ಬರ್ರಿ."

ಘಾನಾದ ಕ್ವಾಮೆಯೂ ಅಂಗಳಕ್ಕಿಳಿದ. ಐಗುಲ್ ಕೋಣೆಯ ತುಂಬ ಎರಡು ದೇಶಗಳ ಬಿಸಿಲು ಹರಡಿತು. ಅಜ್ಜಿ ಕಾಲು ಚಾಚಿ ಕೂತರು. ಶಿವಲೀಲಾ ನಗುತ್ತ ಮಾತು ಮುಂದುವರಿಸಿದಳು.

"ನಿಧಾನವಾಗಿ ಹೇಳು ಮಗಳೇ," ಅಜ್ಜಿ ಕಣ್ಣು ಮುಚ್ಚಿಯೇ ಅಂದರು, "ನಮಗೇನೂ ಅವಸರವಿಲ್ಲ."